ಹುಳದ ಮನೆಯ ಹಸಿರು ಸಾಲು

ಬೈರಾಪಟ್ಟಣದ ಪುಟ್ಟಲಕ್ಷ್ಮಮ್ಮನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಕ್ರೋಶಾ ಕಡ್ಡಿ ಹಿಡಿದವಳು ಬಾಗಿಲಿಗೆ ತೋರಣ, ಟೀವಿಗೆ ಹೊದಿಕೆ, ಕೊನೆಗೆ ಮಿಕ್ಸಿಗೂ ಒಂದು ಅಂಗಿ ಹೆಣೆದು ಮುಗಿಸಿದ್ದಳು. ಇನ್ನು ಆ ಮನೆಯಲ್ಲಿ ಬರಿಮೈಯಲ್ಲಿರುವುದು ಗಂಡ ಪುಟ್ಟಲಿಂಗಯ್ಯ ಒಬ್ಬನೇ ಎಂದು ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ, ಅವಳೇನೂ ಕಡ್ಡಿ ಕೆಳಗಿಡಲಿಲ್ಲ.

ಕಳೆದ ವರ್ಷ ಗೌರಿಹಬ್ಬಕ್ಕೆ ಬಂದಿದ್ದ ಮಗಳು ಅನುಷಾ, ರಾಮನಗರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವವಳು, ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ದೇಶದ ಹೆಂಗಸು ದಿನಕ್ಕೊಂದು ಸಾಲಿನಂತೆ ಕಂಬಳಿ ಹೆಣೆಯುತ್ತಾಳೆ. ಅವತ್ತು ಎಷ್ಟು ಡಿಗ್ರಿಯೋ ಅದಕ್ಕೆ ತಕ್ಕ ಬಣ್ಣ. ಚಳಿಗೆ ನೀಲಿ, ಹಿತವಾಗಿದ್ದರೆ ಹಸಿರು, ಸೆಕೆಗೆ ಹಳದಿ, ಉರಿಬಿಸಿಲಿಗೆ ಕೆಂಪು. ವರ್ಷ ತುಂಬಿದಾಗ ಇಡೀ ವರ್ಷದ ಬಿಸಿಲು ಚಳಿಯನ್ನು ಮೈಮೇಲೆ ಹೊದ್ದುಕೊಳ್ಳಬಹುದು.

"ಅಷ್ಟೇಯಾ? ನಮ್ಮನೇಲೂ ಥರ್ಮಾಮೀಟ್ರು ಐತಲ್ಲ!" ಎಂದಳು ಪುಟ್ಟಲಕ್ಷ್ಮಮ್ಮ. ಮಾರನೇ ದಿನವೇ ಚನ್ನಪಟ್ಟಣಕ್ಕೆ ಹೋಗಿ ಬಣ್ಣಬಣ್ಣದ ಉಲ್ಲನ್ ಉಂಡೆಗಳನ್ನು ತಂದಳು.

ಥರ್ಮಾಮೀಟರೇನೋ ಇತ್ತು. ಆದರೆ ಅದು ನೇತಾಡುತ್ತಿದ್ದದ್ದು ಹುಳದ ಮನೆಯಲ್ಲಿ. ಅವರದು ರೇಷ್ಮೆ ಸಾಕುವ ಸಂಸಾರ. ಹಿತ್ತಲಿನ ಉದ್ದನೆಯ ಶೆಡ್ಡಿನಲ್ಲಿ ವರ್ಷಕ್ಕೆ ಹತ್ತು ಬೆಳೆ. ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು ಪುಟ್ಟಲಿಂಗಯ್ಯನ ಪಾಲು, ಹುಳ ನೋಡಿಕೊಳ್ಳುವುದು ಅವಳ ಪಾಲು. ಒಳಗೆ ಕಾಲಿಡುವ ಮುಂಚೆ ಎಂಥವನೇ ಆಗಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲದ್ದಲೇಬೇಕು; ಒಮ್ಮೆ ಸ್ವಂತ ಭಾವಮೈದುನನನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದಳು. ಹುಳಕ್ಕೆ ಇಪ್ಪತ್ತೈದು ಡಿಗ್ರಿ ಬೇಕು. ಚಳಿಗೆ ಇದ್ದಿಲ ಒಲೆ, ಬೇಸಿಗೆಗೆ ಕಿಟಕಿಗೆ ಒದ್ದೆ ಗೋಣಿ, ಸೂರಿಗೆ ನೀರು. ಮೂವತ್ತು ವರ್ಷದಿಂದ ಅವಳ ಬದುಕೇ ಆ ಇಪ್ಪತ್ತೈದರ ಕಾವಲು.

ದಿನಾ ಮಧ್ಯಾಹ್ನ ಎರಡಕ್ಕೆ, ಕಾವು ಏರುವ ಹೊತ್ತಿಗೆ, ಅವಳು ಡಿಗ್ರಿ ನೋಡುತ್ತಿದ್ದಳು. ಹೊರಗೆ ಬಂದು ಜಗಲಿಯಲ್ಲಿ ಕೂತು ಒಂದು ಸಾಲು ಹೆಣೆಯುತ್ತಿದ್ದಳು. ಸಂಕ್ರಾಂತಿಗೆ ಬಂದ ಅನುಷಾ ಕಂಬಳಿ ಬಿಡಿಸಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲಿ ನೋಡಿದರೂ ಹಸಿರು! ಒಂದು ಬೆಳೆ ಮುಗಿದು ಶೆಡ್ಡು ತೊಳೆದು ಖಾಲಿ ಬಿಟ್ಟ ದಿನಗಳಲ್ಲಿ ಮಾತ್ರ ನಾಲ್ಕಾರು ನೀಲಿ, ಹಳದಿ ಗೆರೆ.

"ಅವ್ವಾ, ಹೊರಗಡೆ ಬಿಸಿಲು ಬರೀಬೇಕಿತ್ತು ಕಣವ್ವಾ. ನೀನು ಹುಳಿನ ಸೆಕೆ ಬರ್ದಿದೀಯ!"

"ಹೊರಗಡೆ ಬಿಸ್ಲು ಕಟ್ಕೊಂಡು ನನಗೇನಾಗ್ಬೇಕೇ? ನನ್ನ ವರ್ಷ ಒಳಗಡೆನೇ ಇರೋದು," ಎಂದು ಪುಟ್ಟಲಕ್ಷ್ಮಮ್ಮ ಗದರಿದಳು. ಒಳಗೊಳಗೇ ಪೆಚ್ಚಾಗಿದ್ದಳು, ಅದು ಬೇರೆ ಮಾತು.

ಹಸಿರಿನ ಐದನೇ ಪಟ್ಟಿಯ ನಡುವೆ ಒಂದೇ ಒಂದು ಕೆಂಪು ಸಾಲಿತ್ತು. "ಇದೇನಿದು?" ಎಂದಳು ಮಗಳು.

"ಅವತ್ತು ನಾನು ಕೋಡಿಹಳ್ಳಿಗೆ, ನಿಮ್ಮತ್ತೆ ಮನೆಗೆ ಹೋಗಿದ್ದೆ. ಎರಡು ಗಂಟೆಗೆ ಬಂದು ನೋಡ್ತೀನಿ, ನಿಮ್ಮಪ್ಪ ಇದ್ಲು ಸುರಿದೂ ಸುರಿದೂ ಮೂವತ್ತೆರಡು ಮಾಡಿ ಮಡಗಿದ್ರು."

ಪುಟ್ಟಲಿಂಗಯ್ಯ ಕೇಳಿಸದವನಂತೆ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ.

ಇಷ್ಟೆಲ್ಲ ನಗುವಿನ ಮೇಲೆ ಯಾರ ಕಣ್ಣು ಬಿತ್ತೋ, ಏಪ್ರಿಲ್‌ನಲ್ಲಿ, ಕಂಬಳಿ ಹಿಡಿದ ಮೇಲಿನ ಏಳನೇ ಬೆಳೆ ಹೋಯಿತು. ನಾಲ್ಕನೇ ಜ್ವರದಿಂದ ಎದ್ದ ಹುಳ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಇನ್ನೇನು ಗೂಡು ಕಟ್ಟಬೇಕಾದ ಹುಳ, ಸೊಪ್ಪು ಮುಟ್ಟದೆ ಮೆತ್ತಗಾಗಿ ಸತ್ತವು. ಬುಟ್ಟಿಗಟ್ಟಲೆ ಹೊತ್ತು ಗುಂಡಿಗೆ ಸುರಿದರು. ಸಪ್ಪೆ ರೋಗ, ಸೆಕೆಗೆ ಬಂದಿದ್ದು ಎಂದರು ನೋಡಿದವರೆಲ್ಲ.

"ಸೆಕೆ ಆಗ್ದೆ ಏನಾಯ್ತದೆ? ಹುಳ ನೋಡೋದ್ ಬುಟ್ಟು ದಾರ ನೋಡ್ತಾ ಕೂತ್ರೆ!" ಎಂದ ಪುಟ್ಟಲಿಂಗಯ್ಯ, ನಾಲ್ಕು ಜನರ ಎದುರಿಗೆ.

ಆ ಮಾತು ಅವಳ ಎದೆಗೆ ನಾಟಿತು. ಹೌದೇನೋ, ಜಗಲಿಯಲ್ಲಿ ಕೂತು ಮೈಮರೆತೆನೇನೋ ಎಂದು ತಾನೇ ನಂಬಿಬಿಟ್ಟಳು. ಕಂಬಳಿಯನ್ನು ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆದಳು. ಎರಡು ತಿಂಗಳು ಹುಳದ ಮನೆಗೆ ಬೀಗ ಬಿತ್ತು. ಬೆಳಿಗ್ಗೆ ಎದ್ದರೆ ಎಲ್ಲಿಗೆ ಹೋಗಬೇಕೆಂದು ಕಾಲಿಗೇ ತಿಳಿಯುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಬೀಗ ನೋಡಿ ಒಳಗೆ ಬರುತ್ತಿದ್ದಳು.

ಜೂನ್‌ನಲ್ಲಿ ಪುಟ್ಟಲಿಂಗಯ್ಯ ಇನ್ನೊಂದು ಸುದ್ದಿ ತಂದ. ಚನ್ನಪಟ್ಟಣದಲ್ಲಿ ಗೊಂಬೆ ಮಾಡಿಸುವ ಅಮೀರ್ ಸಾಹೇಬರಿಗೆ ಮರ ಒಣಗಿಸಲು ಜಾಗ ಬೇಕಂತೆ, ಶೆಡ್ಡು ಬಾಡಿಗೆಗೆ ಕೊಟ್ಟುಬಿಡೋಣ, ನಾಳಿದ್ದು ಅಳತೆಗೆ ಬರುತ್ತಾರೆ.

"ಹುಳ?" ಎಂದಳು ಅವಳು.

"ಸಾಕು ಬುಡು, ನಿನಗೂ ವಯಸ್ಸಾಯ್ತು."

ಐವತ್ತೆರಡು ಒಂದು ವಯಸ್ಸೇ? ಆದರೆ ತಪ್ಪು ತನ್ನದೇ ಎಂದುಕೊಂಡಿದ್ದವಳು ಎದ್ದು ಪಾತ್ರೆ ತೊಳೆಯಲು ಹೋದಳು.

ಅಮೀರ್ ಬರುವ ದಿನ ಊಟವಾದ ಮೇಲೆ ಅವಳು ಅಟ್ಟದ ಚೀಲ ಇಳಿಸಿದಳು. ಶೆಡ್ಡೇ ಹೋಗುವಾಗ ಈ ಕಂಬಳಿ ಯಾವ ಸುಖಕ್ಕೆ? ಬಿಚ್ಚಿದರೆ ಉಲ್ಲನ್ ಆದರೂ ಉಳಿಯುತ್ತದೆ. ಕ್ರೋಶಾ ಹೆಣಿಗೆಗೆ ಕೊನೆಯ ಕುಣಿಕೆ ಸಡಿಲಿಸಿ ದಾರ ಎಳೆದರೆ ಸಾಕು, ಸಾಲುಸಾಲಾಗಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಎಳೆದಳು. ಹುಳ ಗುಂಡಿಗೆ ಸುರಿಯುವ ಹಿಂದಿನ ದಿನದ ಸಾಲು ಬಿಚ್ಚಿತು. ಹಸಿರು.

ಅದರ ಹಿಂದಿನ ದಿನ, ಹುಳ ಸೊಪ್ಪು ಬಿಟ್ಟ ದಿನ. ಹಸಿರು.

ಕೈ ನಿಧಾನವಾಯಿತು. ಅದರ ಹಿಂದಿನದು, ನಾದಿನಿಯ ಮನೆಗೆ ತಾರಸಿ ಹಾಕಿದ ದಿನ, ಊರೆಲ್ಲ ಬೆಂದು ಹೋದ ದಿನ. ಅದೂ ಹಸಿರು! ಐದು ಸಾಲು ಬಿಚ್ಚಿದಳು. ಮಡಿಲಲ್ಲಿ ಬಿದ್ದದ್ದೆಲ್ಲ ಹಸಿರು ದಾರವೇ. ಹಳದಿಯ ಒಂದು ಎಳೆಯಿಲ್ಲ. ಮಧ್ಯಾಹ್ನದ ಎರಡು ಗಂಟೆಯ ಸೆಕೆಯಲ್ಲೂ ಅವಳು ಇಪ್ಪತ್ತೈದು ಬಿಟ್ಟುಕೊಟ್ಟಿರಲಿಲ್ಲ. ತನ್ನ ಕೈಯಾರೆ ಹೆಣೆದದ್ದನ್ನು ಬಿಟ್ಟು ನಾಲ್ಕು ಜನ ಆಡಿದ್ದನ್ನು ನಂಬಿದ್ದಳಲ್ಲ! ಎರಡು ತಿಂಗಳಿಂದ ಬಾರದ ಅಳು ಆಗ ಬಂತು. ಅದರ ಬೆನ್ನಿಗೇ ಕೋಪವೂ ಬಂತು.

ಅಷ್ಟರಲ್ಲಿ ಅಂಗಳದಲ್ಲಿ ಅಮೀರ್ ಟೇಪು ಹಿಡಿದು ನಿಂತಿದ್ದ. ಪುಟ್ಟಲಿಂಗಯ್ಯ ಬೀಗದ ಕೈ ಹುಡುಕುತ್ತಿದ್ದ. ಪುಟ್ಟಲಕ್ಷ್ಮಮ್ಮ ಕಂಬಳಿಯನ್ನು ಬಿಚ್ಚಿದ ಹಸಿರು ದಾರದ ಸಮೇತ ತಂದು ಜಗಲಿಯ ಉದ್ದಕ್ಕೂ ಹಾಸಿದಳು.

"ಸಾಹೇಬ್ರೇ, ಒಸಿ ನಿಂತ್ಕೊಳಿ. ನೀವೂ ನೋಡಿ. ಹಸಿರಿದ್ರೆ ನನ್ನ ಹುಳಿನ ಮನೆ ತಣ್ಣಗಿತ್ತು ಅಂತ. ಇದು ಏಳನೇ ಬೆಳೆ, ಸತ್ತಿದ್ದು. ಎಲ್ಲೈತೆ ಸೆಕೆ? ಇಲ್ನೋಡಿ, ಐದನೇ ಬೆಳೆಲಿ ಇವರು ಕೆಂಪಗೆ ಕಾಯ್ಸಿದ್ರು, ಆ ಬೆಳೆ ಬದುಕ್ತು!" ಗಂಡನ ಕಡೆ ತಿರುಗಿದಳು. "ಮನೆ ನಾನು ನೋಡ್ಕೊಂಡೆ. ಸೊಪ್ಪು ಯಾರು ನೋಡ್ಕೊಂಡ್ರು?"

ಪುಟ್ಟಲಿಂಗಯ್ಯ ಕಂಬಳಿ ನೋಡಿದ. ಆ ಕೆಂಪು ಸಾಲು ನೋಡಿದ. ಅದೊಂದು ಅಲ್ಲಿಲ್ಲದಿದ್ದರೆ ಜಗಳವಾಡುತ್ತಿದ್ದನೇನೋ. ಆ ಕೆಂಪು ನಿಜವಾದರೆ ಈ ಹಸಿರೂ ನಿಜವೇ.

"ತಂಗಿ ಮನೆ ಕೆಲಸ ಇತ್ತಲ್ಲ," ಎಂದ, ನೆಲ ನೋಡುತ್ತ. "ದಿನಾ ಕೋಡಿಹಳ್ಳಿಗೆ ಓಡ್ಬೇಕಿತ್ತು. ಸಂಜೆ ಸೊಪ್ಪನ್ನೂ ಹನ್ನೊಂದು ಗಂಟೆಗೇ ಕೊಯ್ದು, ಪಂಪ್‌ಸೆಟ್ ಮನೇಲಿ ಹೊರೆ ಕಟ್ಟಿ ಮಡಗ್ತಿದ್ದೆ. ಸಂಜೆ ಬಂದು ನೋಡಿದ್ರೆ ಹೊರೆ ಒಳಗೆ ಕೈಯಿಕ್ಕಕ್ಕಾಗ್ತಿರ್ಲಿಲ್ಲ, ಅಷ್ಟು ಕಾವು. ನೀರು ಚಿಮ್ಕಿಸಿ, ಈಗ ಕೊಯ್ದಂಗೆ ತಂದ್ಕೊಟ್ಟೆ."

"ಬೆಂದ ಸೊಪ್ಪು ತಿನ್ನಿಸ್ಬುಟ್ರಾ ನನ್ನ ಕೈಲಿ?"

"ಹೆದರ್ಕೊಂಡ್ಬುಟ್ಟೆ ಕಣೆ. ಬಾಯಿಗೆ ನಿನ್ನ ದಾರ ಸಿಕ್ತು, ಅಂದ್ಬುಟ್ಟೆ. ಆಮೇಲೆ ಆ ಶೆಡ್ಡು ನೋಡಿದ್ರೆ ಸಂಕಟ ಆಗ್ತಿತ್ತು. ಕೊಟ್ಬುಟ್ರೆ ಸಾಕು ಅನ್ನಿಸ್ತು."

ಅಮೀರ್ ಟೇಪನ್ನು ಜೇಬಿಗೆ ಹಾಕಿಕೊಂಡ. "ಪುಟ್ಟಲಿಂಗಣ್ಣ, ನನ್ನ ಮರಕ್ಕೆ ಎಲ್ಲಾದ್ರೂ ಜಾಗ ಸಿಗ್ತದೆ. ಈ ಮನೆ ಅಕ್ಕೋರಿಗೇ ಇರ್ಲಿ," ಎಂದು ಟೀ ಕುಡಿದು ಹೊರಟ.

ಮಾರನೇ ದಿನದಿಂದ ಇಬ್ಬರೂ ಸೇರಿ ಶೆಡ್ಡು ತೊಳೆದರು, ಸುಣ್ಣ ಬಳಿದರು. ಮರಿಹುಳ ಮಾರುವವರಿಗೆ ಹೇಳಿ ಬಂದದ್ದಾಯಿತು. ಹುಳ ಬರುವ ಹಿಂದಿನ ಸಂಜೆ ಪುಟ್ಟಲಕ್ಷ್ಮಮ್ಮ ಬಿಚ್ಚಿದ ಐದು ಸಾಲುಗಳನ್ನು ಮತ್ತೆ ಹೆಣೆಯಲು ಕೂತಳು. ಗಂಡನನ್ನು ಎದುರಿಗೆ ಕೂರಿಸಿ ಉಂಡೆ ಹಿಡಿಸಿದಳು.

"ಇದು ಸೋಮವಾರದ್ದು. ನಾನು ಇಪ್ಪತ್ತೈದು. ನೀವು?"

"ಹನ್ನೊಂದು ಗಂಟೆ," ಎಂದ ಅವನು, ಸ್ಕೂಲು ಹುಡುಗನ ಹಾಗೆ.

"ಮಂಗಳವಾರ?"

"ಹನ್ನೊಂದೂವರೆ."

"ತಾರಸಿ ಹಾಕಿದ ದಿನ?"

"ಹನ್ನೆರಡು ಆಗ್ಬುಟ್ಟಿತ್ತು."

ನಗಬಾರದು ಅಂದುಕೊಂಡೇ ಅವಳು ನಕ್ಕುಬಿಟ್ಟಳು. ಐದನೇ ಸಾಲು ಮುಗಿಸಿ, ದಾರ ಕಡಿಯದೆ, ಕಡ್ಡಿಯನ್ನು ಕುಣಿಕೆಯಲ್ಲೇ ಬಿಟ್ಟು ಕಂಬಳಿ ಮಡಿಸಿದಳು.

ಬೆಳಿಗ್ಗೆ ಐದೂವರೆಗೆ ಅವಳಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿಯಿತ್ತು. ಜಗಲಿಗೆ ಬಂದು ನೋಡಿದಳು. ಪುಟ್ಟಲಿಂಗಯ್ಯ ಕುಡುಗೋಲು ಸಿಕ್ಕಿಸಿಕೊಂಡು, ಕೊಯ್ದ ಸೊಪ್ಪಿಗೆ ಹೊದಿಸಲು ಒದ್ದೆ ಗೋಣಿ ಹೆಗಲ ಮೇಲೆ ಹಾಕಿಕೊಂಡು ತೋಟದ ಕಡೆ ಹೋಗುತ್ತಿದ್ದ.