ಮೆತ್ತಗಾದ ಹಗ್ಗ

ತೊಂಬತ್ತರ ದಶಕದ ಕೊನೆಗೆ ನಾವು ಗಂಡ-ಹೆಂಡತಿ ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆವು. ಮಗಳು ಶಾರ್ಲೆಟ್ಟಿನಲ್ಲಿ ಡಾಕ್ಟರು, ಮನೆ ಊರಂಚಿನ ಬ್ಯಾಲಂಟೈನ್ ಕಡೆಗೆ. ಆಗಿನ್ನೂ ಅಲ್ಲಿ ಒಂದು ಕಡೆ ಆಫೀಸು ಏಳುತ್ತಿದ್ದರೆ ಇನ್ನೊಂದು ಕಡೆ ದನ ಮೇಯುತ್ತಿದ್ದವು. ನಮ್ಮ ಹಿತ್ತಲ ಬೇಲಿಯಾಚೆ ಒಬ್ಬ ಬಿಳಿ ಮುದುಕನ ಹುಲ್ಲುಗಾವಲು. ಹೆಂಡತಿ ಸತ್ತಿದ್ದಳು, ಉಳಿದದ್ದು ನಾಲ್ಕಾರು ದನ. ಜಾಗ ಕೇಳಲು ಬಂದವರಿಗೆಲ್ಲ ಅವನದು ಒಂದೇ ಮಾತಂತೆ: ಹಗ್ಗ ಬೀಸುವ ತೋಳು ಇರುವತನಕ ದನ ಮಾರುವುದಿಲ್ಲ.

ನಮ್ಮ ಮನೆಯವರು ದಿನಾ ಬೇಲಿಗೆ ಹೋಗಿ ನಿಲ್ಲುತ್ತಿದ್ದರು. ಇವರಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರಿಗೂ ದನ ಬರುತ್ತಿತ್ತು, ಅದು ಸಾಕಾಗಿತ್ತು. ಮುದುಕ ಕುಣಿಕೆಯನ್ನು ತಲೆಯ ಮೇಲೆ ಗಿರ್ರನೆ ತಿರುಗಿಸಿ, ಓಡುವ ಕರುವಿನ ಕೊರಳಿಗೆ ಎಸೆದನೆಂದರೆ ಇವರು ಇಲ್ಲಿಂದ "ಭಲೇ ಮಗನ!" ಎಂದು ಕೂಗುವರು. ಅವನು ಟೊಪ್ಪಿಗೆ ಎತ್ತುವನು.

ಒಂದು ದಿನ ಅವನು ಹೊಸ ಹಗ್ಗ ತಂದಿದ್ದ. ನೋಡು ಎಂದು ಇವರ ಕೈಗೆ ಕೊಟ್ಟರೆ ಇವರು ಅದನ್ನು ಮನೆಗೇ ಹೊತ್ತು ತಂದರು. ನೈಲಾನಿನ ಮೂರೆಳೆ ಹಗ್ಗ, ಬಿಗಿಯಾಗಿ ಹುರಿ ಮಾಡಿದ್ದು. ನೆಲಕ್ಕಿಟ್ಟರೆ ಮಲಗಲೊಲ್ಲದು.

"ಇದೇನ ಹಗ್ಗ, ತಂತಿ ಇದ್ದಂಗೈತಿ! ದನದ ಕೊಳ್ಳ ಹರದೀತು," ಎಂದರು.

"ಅವನ ಹಗ್ಗ, ಅವನ ದನ. ನಿಮಗ್ಯಾಕ ಉಸಾಬರಿ?" ಎಂದೆ.

"ನೀ ಸುಮ್ನಿರ. ಗೆಳ್ಯಾಗ ಇಷ್ಟೂ ಮಾಡಬಾರದೇನ?"

ನಮ್ಮೂರಲ್ಲಿ ಪುಂಡಿ ನಾರಿನ ಹಗ್ಗ ಹೊಸೆದ ಮೇಲೆ ಅದನ್ನು ನೆನೆಹಾಕಿ, ಹುರಿಯನ್ನು ಒಂದಿಷ್ಟು ಹಿಂದಕ್ಕೆ ತಿರುವಿ ಸಡಿಲಿಸಿ, ಕಂಬಕ್ಕೆ ಸುತ್ತಿ ಎಳೆದಾಡಿ, ಔಡಲೆಣ್ಣೆ ತಿಕ್ಕಿ ಪಳಗಿಸುತ್ತಾರೆ. ಎತ್ತಿನ ಕೊರಳಿಗೆ ಕಟ್ಟುವ ಹಗ್ಗ ಮೆತ್ತಗಿದ್ದಷ್ಟೂ ಒಳ್ಳೆಯದು. ಒರಟು ಹಗ್ಗ ಕಟ್ಟಿದವನನ್ನು ಊರೆಲ್ಲ ಬೈಯುತ್ತದೆ. ಇವರು ಬಾತ್‌ಟಬ್ಬಿನಲ್ಲಿ ಬಿಸಿನೀರು ತುಂಬಿ ಹಗ್ಗ ನೆನೆಹಾಕಿದರು. ಹಿತ್ತಲ ಕಡೆಯ ಮರದ ಡೆಕ್ಕಿನ ಕಂಬಕ್ಕೆ ಸುತ್ತಿ ಎಳೆದರು. ನನ್ನ ತಲೆಗೆಂದು ಊರಿಂದ ತಂದ ಔಡಲೆಣ್ಣೆಯನ್ನೆಲ್ಲ ಅದಕ್ಕೇ ಸುರಿದರು. ಕೊನೆಗೆ ಹಗ್ಗ ಮಗುವಿನ ಕೈಯಷ್ಟು ಮೆತ್ತಗಾಯಿತು.

ಮುದುಕ ಅದನ್ನು ಹಿಡಿದು ನೋಡಿದ, ನಕ್ಕ, ಇವರ ಬೆನ್ನು ತಟ್ಟಿದ, ಹಗ್ಗವನ್ನು ಟ್ರಕ್ಕಿಗೆ ಒಗೆದ. ಆಮೇಲೂ ಹಳೆಯ ಹಗ್ಗವನ್ನೇ ಬೀಸುತ್ತಿದ್ದ. ಇವರು, "ಹೊಸಾದನ್ನ ಹಬ್ಬಕ್ಕ ಇಟ್ಟಾನ," ಎಂದು ಖುಷಿಪಟ್ಟರು.

ಒಂದು ಮಧ್ಯಾಹ್ನ, ಸುಡುವ ಸೆಕೆ. ಕಟ್ಟಡದವರು ಆಚೆಬದಿಯ ಬೇಲಿ ಕೆಡವಿದ್ದರು, ಅಲ್ಲಿಂದ ಒಂದು ಹಸು ದೊಡ್ಡ ರಸ್ತೆಯ ಕಡೆ ಹೊರಟಿತು. ಮುದುಕ ಟ್ರಕ್ ಓಡಿಸಿಕೊಂಡು ಹೋಗಿ ಅಡ್ಡ ನಿಲ್ಲಿಸಿ, ಒಳಗೆ ಬಿದ್ದಿದ್ದ ಆ ಮೆತ್ತನೆಯ ಹಗ್ಗವನ್ನೇ ಎಳೆದುಕೊಂಡು ಬೀಸಿದ. ಕುಣಿಕೆ ಬಾಯಿ ಬಿಡಲೇ ಇಲ್ಲ. ಒದ್ದೆ ಸೆರಗಿನಂತೆ ಮಡಚಿಕೊಂಡು ಹಸುವಿನ ಬೆನ್ನ ಮೇಲೆ ಬಿದ್ದು ಜಾರಿತು. ಮತ್ತೆ ಬೀಸಿದ, ಮತ್ತೆ ಹಾಗೇ. ಹಸು ರಸ್ತೆಗಿಳಿಯಿತು. ಲಾರಿ ಬರುತ್ತಿತ್ತು.

ನಮ್ಮ ಮನೆಯವರು ಬೇಲಿ ಬಿಟ್ಟು ನನ್ನ ಕಡೆ ತಿರುಗಿದರು. "ಹುರಿ ಸಡ್ಲ ಮಾಡಿದ್ನಲ್ಲ ನಾ... ಕುಣಿಕಿ ಗಾಳ್ಯಾಗ ನಿಲ್ಲೂದು ಆ ಬಿರುಸಿನ ಮ್ಯಾಲೇ."

ಹೌದು. ನಾವು ಹಗ್ಗ ಹಿಡಿದು ದನದ ಹತ್ತಿರ ಹೋಗುವವರು. ಅಲ್ಲಿ ಹಗ್ಗ ತಾನೊಂದೇ ಹೋಗಬೇಕು.

ಮರುದಿನವೇ ಮುದುಕ ಉಳಿದ ದನ ಮಾರುತ್ತಾನೆಂಬ ಸುದ್ದಿಯನ್ನು ಮಗಳು ತಂದಳು. ತೋಳು ಹೋಯಿತು ಎಂದನಂತೆ.

"ನಡಿ, ಅವಗ ಹೇಳು," ಎಂದರು ಇವರು. "ತೋಳ ಕೆಟ್ಟಿಲ್ಲ, ನಾ ಹಗ್ಗ ಕೆಡಿಸೀನಿ ಅಂತ ಹೇಳು."

"ಅಪ್ಪಾ, ಯಾಕ ಬೇಕು? ಇಲ್ಲಿ ಮಂದಿ ಕೋರ್ಟಿಗೆ ಹೋಗಿ ಸೂ ಮಾಡ್ತಾರ."

"ಮಾಡ್ಲಿ."

ಮೂವರೂ ಹೋದೆವು. ಮಗಳು ಎಲ್ಲ ಹೇಳಿದಳು. ಮುದುಕ ಟೊಪ್ಪಿಗೆ ತೆಗೆದು ಕೇಳಿದ, ಆಮೇಲೆ ಮೆಲ್ಲಗೆ ಏನೋ ಅಂದ.

"ಏನಂದಾ ಅಂವಾ?" ಎಂದರು ಇವರು.

"ಸೆಕಿಗೆ ಹಗ್ಗ ಹೆಂಗೂ ಮೆತ್ತಗಾಗ್ತಾವಂತ. ಅವರು ಹಿಂದ ಇದಕ್ಕಿಂತ ಮೆತ್ತಂದು ಬೀಸಿ ದನ ಹಿಡದಾರಂತ. ನೀವು ಭಾಳ ಒಳ್ಳೇ ಮನಶ್ಯಾ ಅಂತಾರ, ಅವರಿಗೆ ಸಮಾಧಾನ ಆಗ್ಲಿ ಅಂತ ತಪ್ಪು ಮೈಮ್ಯಾಲೆ ಹಾಕ್ಕೊಳ್ಳಾಕತ್ತೀರಿ ಅಂತಾರ."

"ಸುಳ್ಳಲ್ಲ ಅಂತ ಹೇಳ! ಹಳೇ ಹಗ್ಗ ತಗೊಂಡು ಒಂದ ಸಲ ಬೀಸು ಅನ್ನು!"

ಮಗಳು ಹೇಳಿದಳು. ಮುದುಕ ಬೇಡವೆಂದು ತಲೆಯಾಡಿಸಿದ. ಇನ್ನು ಬೀಸುವುದಿಲ್ಲವಂತೆ. ಇವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಲುಕಿದ. ಅವನ ಕಣ್ಣಲ್ಲಿ ನೀರಿತ್ತು.

ಆ ವಾರ ದನ ಹೋದವು. ಮುದುಕ ಆಗಾಗ ಬೇಲಿಗೆ ಬಂದು ಕೈ ಬೀಸಿ ಕರೆಯುತ್ತಿದ್ದ. ನಮ್ಮ ಮನೆಯವರು ಒಳಗೇ ಕೂತಿರುತ್ತಿದ್ದರು. ಅವನು ಬೈದಿದ್ದರೆ ಹೋಗುತ್ತಿದ್ದರು.