ಸೋಪಣ್ಣನ ಅನುಮಾನ

ನನ್ನ ತಂಗಿಯ ಗಂಡ ಗ್ಯಾಸ್ ಒಲೆ ರಿಪೇರಿ ಮಾಡುವವನು. ಎಲ್ಲರೂ ಅವನನ್ನು ಸೋಪಣ್ಣ ಅಂತಲೇ ಕರೆಯುವುದು. ಅವನ ಚೀಲದಲ್ಲಿ ಸ್ಪ್ಯಾನರುಗಳ ಜೊತೆ ಒಂದು ಡಬ್ಬಿ ಸೋಪಿನ ನೀರು, ಒಂದು ಹಳೇ ಶೇವಿಂಗ್ ಬ್ರಷ್ಷು ಇರುತ್ತವೆ. ಪೈಪಿನ ಜಾಯಿಂಟಿಗೆ ನೊರೆ ಹಚ್ಚಿ ಕಣ್ಣು ಮಿಟುಕಿಸದೆ ಕೂರುತ್ತಾನೆ. ಗುಳ್ಳೆ ಎದ್ದಲ್ಲಿ ಲೀಕು. ಕೆಟ್ಟದ್ದು ಅಂದಮೇಲೆ ಅದಕ್ಕೊಂದು ಜಾಗ ಇದ್ದೇ ಇರುತ್ತದೆ ಅನ್ನುವುದು ಅವನ ಸಿದ್ಧಾಂತ. ಹುಟ್ಟಾ ಅನುಮಾನದ ಪ್ರಾಣಿ. ನಮ್ಮ ಮನೆಗೆ ಮೊದಲ ಸಲ ಬಂದಾಗ ತಂಗಿಯ ಮುಖಕ್ಕಿಂತ ಮೊದಲು ಅಡುಗೆಮನೆಯ ರೆಗ್ಯುಲೇಟರ್ ನೋಡಿದ. ಅಮ್ಮ ಅದಕ್ಕೇ ಮರುಳಾದಳು. ನಾನೇನೂ ಆಗಲಿಲ್ಲ.

ಅವರಿಗೊಂದು ಗಂಡು ಮಗು ಹುಟ್ಟಿತು. ಗುಂಡಗಿತ್ತು, ನೆಗಡಿ ಕೂಡ ಆದದ್ದಿಲ್ಲ. ಇನ್ನೇನು ಕತ್ತು ನಿಲ್ಲುವ ಹೊತ್ತು. ಒಂದು ಮಧ್ಯಾಹ್ನ ತಂಗಿ ಹಾಲು ಕುಡಿಸಿ, ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹಿತ್ತಲಲ್ಲಿ ಬಟ್ಟೆ ಒಗೆದು ಬಂದಳು. ಮಗು ಹಾಗೇ ಮಲಗಿತ್ತು. ಉಸಿರಿರಲಿಲ್ಲ.

ಪೊಲೀಸರು ಬಂದರು, ಪೋಸ್ಟ್‌ಮಾರ್ಟಂ ಆಯಿತು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಚೆನ್ನಾಗಿರುವ ಕೂಸುಗಳೂ ಒಮ್ಮೊಮ್ಮೆ ಹೀಗೆ ನಿದ್ದೆಯಲ್ಲೇ ಹೋಗಿಬಿಡುತ್ತವೆ, ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ ಅಂದರು. ತಂಗಿ ತಲೆಯಾಡಿಸಿದಳು. ಸೋಪಣ್ಣ ಆಡಿಸಲಿಲ್ಲ. ಕಾರಣ ಸಿಗಲಿಲ್ಲ ಅಂದರೆ ಹುಡುಕಿದವರಿಗೆ ಕೆಲಸ ಗೊತ್ತಿಲ್ಲ ಅಂತ ಅವನ ಲೆಕ್ಕ.

ಮನೆಗೆ ಬಂದವನೇ ಸಿಲಿಂಡರು, ಪೈಪು, ಒಲೆ ಎಲ್ಲಕ್ಕೂ ನೊರೆ ಬಳಿದ. ಒಂದು ಗುಳ್ಳೆಯೂ ಏಳಲಿಲ್ಲ. ತೊಟ್ಟಿಲ ಹಾಸಿಗೆ ಬಿಚ್ಚಿ ಹತ್ತಿ ಮೂಸಿದ. ಗೋಡೆಯ ಬಣ್ಣ ಕೆರೆದು ನೋಡಿದ. ವಸ್ತುಗಳೆಲ್ಲ ಮುಗಿದ ಮೇಲೆ ಉಳಿದವಳು ಹೆಂಡತಿ. ಅಂಗಾತ ಮಲಗಿಸಿದ್ಯಾ, ಮಗ್ಗುಲಿಗಾ? ಹೊದಿಕೆ ಎಲ್ಲಿಗಿತ್ತು? ನಡುವೆ ಒಳಗೆ ಬಂದು ನೋಡಿದ್ಯಾ? ಊಟಕ್ಕೆ ಬಡಿಸುವಾಗ ಒಂದು ಸುತ್ತು, ಹಾಸಿಗೆ ಹಾಸುವಾಗ ಇನ್ನೊಂದು ಸುತ್ತು. ಪಾಪದವಳು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಳು. ಒಂದೇ ಉತ್ತರ ಕೊಡುತ್ತಾಳಲ್ಲ, ಬಾಯಿಪಾಠ ಮಾಡಿದ್ದಾಳೋ ಏನೋ ಅಂತ ಅದಕ್ಕೂ ಮಹಾರಾಯನಿಗೆ ಅನುಮಾನ. ಬೀದಿಯ ಜನರಂತೂ ಬೆಂಕಿ ಇಲ್ಲದೆ ಹೊಗೆಯಾಡುತ್ತಾ ಅಂತ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು.

ಕೊನೆಗೊಂದು ದಿನ ಅವನು ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಹೋಗಿ, ಆ ಮಧ್ಯಾಹ್ನ ನನ್ನ ಹೆಂಡತಿ ನಿಜವಾಗಲೂ ಬಟ್ಟೆ ಒಗೆಯುತ್ತಿದ್ದಳಾ ಅಂತ ವಿಚಾರಿಸಿದ. ಆಕೆ ಅದನ್ನು ತಂಗಿಯ ಕಿವಿಗೆ ಹಾಕಿದಳು. ತಂಗಿ ನನಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗು ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹೋಗುವ ಹೊತ್ತಿಗೆ ಅವಳು ಬಟ್ಟೆ ತುಂಬಿದ ಚೀಲದ ಜಿಪ್ ಎಳೆಯುತ್ತಿದ್ದಳು. ಒಮ್ಮೆ ಹೊಸಿಲು ದಾಟಿದರೆ ಮತ್ತೆ ಬರುವವಳಲ್ಲ, ನನ್ನ ತಂಗಿ ನನಗೆ ಗೊತ್ತಿಲ್ಲವೇ? ಸೋಪಣ್ಣ ಬಾಗಿಲ ಬಳಿ ಗರಬಡಿದವನ ಹಾಗೆ ನಿಂತಿದ್ದ. ಯಾವತ್ತೂ ಅವನಿಗೆ ನೀವು ಅನ್ನುತ್ತಿದ್ದವಳು ಆವತ್ತು ನೀನು ಅಂದೆ.

"ದಿನಾ ಕಂಡೋರ ಮನೆ ಗ್ಯಾಸ್ ವಾಸನೆ ಹೊತ್ಕೊಂಡು ಬರೋ ಅಂಗಿ ನಿಂದು. ಅದೇ ಅಂಗೀಲೇ ಮಗೂನ ಎದೆಗೆ ಅವುಚ್ಕೋತಿದ್ದೆ. ನಿನ್ನನ್ನ ಯಾರಾದ್ರೂ ಕೇಳಿದ್ರಾ?"

ಅವನು ಅಲ್ಲೇ ನೆಲದ ಮೇಲೆ ಕೂತ.

"ಅದೇ ಅಕ್ಕ, ಅದೇ ನನ್ನ ಭಯ. ಆವತ್ತು ಬೆಳಿಗ್ಗೇನೂ ಎತ್ಕೊಂಡಿದ್ದೆ. ಇವಳದ್ದೊಂದು ತಪ್ಪು ಸಿಕ್ಕಿಬಿಟ್ರೆ ನಂದಲ್ಲ ಅಂತಾಗುತ್ತಲ್ಲ ಅಂತ ಹುಡುಕಿದೆ."

ಥೂ ಅನ್ನಲು ನಾನು ಬಾಯಿ ತೆರೆದಿದ್ದೆ. ತಂಗಿಯೇ ಮೊದಲು ಮಾತಾಡಿದಳು.

"ನಂಗೂ ನಿಮ್ಮ ಮೇಲೆ ಅದೇ ಅನುಮಾನ ಬಂದಿತ್ತು. ಒಬ್ಬಳೇ ಹೋಗಿ ಡಾಕ್ಟರಮ್ಮನ್ನ ಕೇಳಿದೆ. ಅಂಗಿ ವಾಸನೆಗೆಲ್ಲ ಹಾಗಾಗಲ್ಲ, ಅದಲ್ಲವೇ ಅಲ್ಲ ಅಂದ್ರು. ನಿಮಗೆ ಹೇಳೋಣ ಅಂತ ಓಡಿ ಬಂದೆ. ನೀವು ಹೊದಿಕೆ ಎಲ್ಲಿಗಿತ್ತು ಅಂತ ಶುರು ಮಾಡಿದ್ರಿ."

ಅವನು ಮುಖ ಮುಚ್ಚಿಕೊಂಡ. ಆಮೇಲೆ ತಲೆಯೆತ್ತಿ ಅವಳ ಚೀಲ ನೋಡಿದ, ಅವಳನ್ನು ನೋಡಿದ. ಮತ್ತೆ ಶುರುವಾಯಿತು ಇವನ ತನಿಖೆ ಅಂದುಕೊಂಡೆ.

"ಮಲಗೋಕೆ ಮುಂಚೆ ಅವನು ನಕ್ಕನಾ?" ಅಂದ.

ಅಷ್ಟು ದಿನದಲ್ಲಿ ಅವಳನ್ನು ಯಾರೂ ಕೇಳದ ಪ್ರಶ್ನೆ ಅದು. ಪೊಲೀಸರೂ ಕೇಳಿರಲಿಲ್ಲ, ಒಡಹುಟ್ಟಿದ ನಾನೂ ಕೇಳಿರಲಿಲ್ಲ. ತಂಗಿ ಚೀಲ ಬಿಟ್ಟು ಅವನೆದುರು ನೆಲದ ಮೇಲೆ ಕೂತಳು. ನಕ್ಕ, ಬೆರಳು ಚೀಪುತ್ತಾ ನಕ್ಕ, ಆಮೇಲೆ ನನ್ನ ಬಳೆ ಹಿಡಿದುಕೊಂಡ ಅಂತ ಅಳುತ್ತಲೇ ಆ ದಿನವನ್ನೆಲ್ಲ ಹೇಳತೊಡಗಿದಳು. ಅವನು ಒಂದೂ ಅಡ್ಡ ಪ್ರಶ್ನೆ ಹಾಕದೆ ಕೇಳಿಸಿಕೊಂಡ.

ನಾನು ಬಸ್ಸಿಗೆ ಒಬ್ಬಳೇ ಹೋದೆ.