ಅಕ್ಕನ ಮುಂದಿನ ಹಲ್ಲು

ನಮ್ಮ ಟೈಲರ್ ಅಂಗಡಿಯಲ್ಲಿ ಕತ್ತರಿ ಇರುವುದು ಬಟ್ಟೆಗೆ ಮಾತ್ರ. ದಾರಕ್ಕೆ ಅಕ್ಕನ ಹಲ್ಲೇ ಆಗಬೇಕು. ಹೊಲಿಗೆ ಮುಗಿದೊಡನೆ ತಲೆ ಬಗ್ಗಿಸಿ, ಮುಂದಿನ ಹಲ್ಲಿನಿಂದ ಕಟಕ್ಕೆಂದು ಕಡಿದು, ನಗುತ್ತಾ ಬಟ್ಟೆಯನ್ನು ಗಿರಾಕಿಯ ಕೈಗಿಡುತ್ತಾಳೆ. ಪಕ್ಕದ ಮೆಷಿನ್ನಿನಲ್ಲಿ ಕೂರುವ ತಂಗಿ ನಾನು. ನಾನು ಎಷ್ಟು ಬೈದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾಳೆ.

ಕೆಲವು ತಿಂಗಳ ಹಿಂದೆ ಆ ಹಲ್ಲು ನೋಯತೊಡಗಿತು. ಒದ್ದಾಡಿದಳು. ಆಮೇಲೆ ನೋವು ತಾನಾಗಿಯೇ ನಿಂತಿತು. "ನೋಡಿದ್ಯಾ, ಡಾಕ್ಟ್ರೂ ಬೇಡ, ಮಾತ್ರೆನೂ ಬೇಡ" ಎಂದು ಜಂಬ ಕೊಚ್ಚಿಕೊಂಡಳು.

ಹೋದ ವಾರ ಬೆಳಗ್ಗೆ ನೋಡಿದರೆ ಮೇಲ್ದುಟಿ ಊದಿಕೊಂಡಿತ್ತು. ಅದಕ್ಕೆ ಅಕ್ಕ ಕಂಡುಕೊಂಡ ಮದ್ದು ಇಸ್ತ್ರಿಪೆಟ್ಟಿಗೆ! ಬಟ್ಟೆಯ ಚೂರನ್ನು ಅದರಡಿ ಬಿಸಿ ಮಾಡಿ ತುಟಿಗೆ ಒತ್ತಿದ್ದೇ ಒತ್ತಿದ್ದು. ಎಂಥ ಸುಕ್ಕನ್ನೂ ಬಿಡಿಸುವ ಪೆಟ್ಟಿಗೆ ಊತವನ್ನು ಇಳಿಸದೆ ಇದ್ದೀತೇ ಎಂಬ ನಂಬಿಕೆ ಅವಳದು. ಸಂಜೆಯಾಗುವಷ್ಟರಲ್ಲಿ ಊತ ಮೂಗಿನ ಪಕ್ಕಕ್ಕೇರಿ ಜ್ವರವೂ ಬಂತು. ನಾನು ಮೆಷಿನ್ ಬಿಟ್ಟು ಎದ್ದೆ.

"ನಡಿ, ಹಲ್ಲಿನ ಡಾಕ್ಟ್ರ ಹತ್ರ."

"ಬರಲ್ಲ. ಕಿತ್ತುಹಾಕ್ತಾರೆ. ಮುಂದಿನ ಹಲ್ಲು ಕಣೇ! ಗಿರಾಕಿಗಳ ಎದುರು ಹೇಗೆ ನಗ್ಲಿ?"

ಅವಳ ನಗು ನೋಡಲೆಂದೇ ಅರ್ಧ ಗಿರಾಕಿಗಳು ಬರುವುದು. ನನ್ನ ಮುಖ ನೋಡಿಕೊಂಡು ಯಾರೂ ಬರುವುದಿಲ್ಲ. ಆದರೂ ಶಟರ್ ಎಳೆದು, ಅವಳನ್ನೂ ಎಳೆದುಕೊಂಡು ಹೊರಟೆ.

ದಾರದಿಂದ ಇಸ್ತ್ರಿಪೆಟ್ಟಿಗೆಯವರೆಗಿನ ಕಥೆಯನ್ನೆಲ್ಲ ನನ್ನ ಬಾಯಿಂದ ಕೇಳಿದ ಡಾಕ್ಟರಮ್ಮ ಸಣ್ಣ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ತಟ್ಟಿದರು. ಆ ಹಲ್ಲಿಗೆ ಬಂದಾಗ ಅಕ್ಕ ಕುರ್ಚಿಯಿಂದಲೇ ಹಾರಿದಳು. ತಣ್ಣನೆಯ ಹತ್ತಿಯನ್ನು ಪಕ್ಕದ ಹಲ್ಲಿಗೆ ಮುಟ್ಟಿಸಿದಾಗ ಮುಖ ಕಿವಿಚಿದಳು, ಈ ಹಲ್ಲಿಗೆ ಮುಟ್ಟಿಸಿದರೆ ಏನೂ ಗೊತ್ತಾಗಲಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆ ಕಂಡಿತು.

"ದಾರ ಕಡಿದೂ ಕಡಿದೂ ಹಲ್ಲು ಬಿರುಕು ಬಿಟ್ಟಿದೆ. ಅವತ್ತು ನೋವು ನಿಂತಿದ್ದು ವಾಸಿಯಾಗಿ ಅಲ್ಲಮ್ಮ, ಒಳಗಿನ ನರ ಸತ್ತು. ಈಗ ಬೇರಿನ ಹತ್ರ ಕೀವು ಕಟ್ಟಿದೆ. ಬಿಸಿ ಒತ್ತಿ ಊತ ಇನ್ನೂ ಜಾಸ್ತಿ ಮಾಡ್ಕೊಂಡಿದ್ದೀರಿ."

"ಕೀಳ್ತೀರಾ?" ಅಕ್ಕನ ದನಿ ಕೇಳಿಸುವಂತಿರಲಿಲ್ಲ.

"ಬಿರುಕು ಬೇರಿನವರೆಗೆ ಹೋಗಿಲ್ಲ. ಉಳಿಸ್ಬಹುದು."

ಸೂಜಿಮದ್ದು ಕೊಟ್ಟು, ಹಲ್ಲಿನ ಹಿಂಬದಿಯಿಂದ ಸಣ್ಣ ತೂತು ಕೊರೆದರು. ಕೀವು ಹೊರಬಂತು, ಆ ವಾಸನೆಯ ಸುದ್ದಿ ಬೇಡ. ಅಷ್ಟು ಹೊತ್ತು ಮೈ ಬಿಗಿಹಿಡಿದಿದ್ದ ಅಕ್ಕ "ಅಮ್ಮಾ" ಎಂದು ಉಸಿರು ಬಿಟ್ಟಳು. ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, ಊತ ಇಳಿದ ಮೇಲೆ ಬೇರಿನ ನಾಳ ಪೂರ್ತಿ ತೊಳೆದು ತುಂಬಿ, ಕ್ಯಾಪ್ ಹಾಕಬೇಕೆಂದರು.

ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. ತುಟಿ ಮರಗಟ್ಟಿದ್ದರಿಂದ ಅವಳು ಎದುರಾಡುವಂತಿರಲಿಲ್ಲ. ಹುಟ್ಟಿದಾಗಿನಿಂದ ನನಗೆ ಇಂಥ ಭಾಗ್ಯ ಸಿಕ್ಕಿರಲಿಲ್ಲ. ಆದರೆ ಬೈದು ಮುಗಿಸುವ ಮೊದಲೇ ಅಳು ಬಂದುಬಿಟ್ಟಿತು.

"ನಿನಗೇನಾದ್ರೂ ಆಗಿದ್ರೆ ನಾನು ಯಾರ ಜೊತೆ ಜಗಳ ಆಡ್ಲಿ, ಅಕ್ಕಾ?"

ಅಕ್ಕ ನಡುಬೀದಿಯಲ್ಲೇ ನಿಂತು ನನ್ನ ಕಣ್ಣೊರೆಸಿ ನಕ್ಕಳು. ತುಟಿ ಒಂದೇ ಕಡೆಗೆ ಸೊಟ್ಟಗೆ ಏರಿತು. ಹಲ್ಲು ಮಾತ್ರ ಪೂರ್ತಿ ಕಂಡಿತು.